‘ಎನ್.ಎ. ಆಗೈತ್ರಿ’ ಅಂದ ಮೇಲೂ ಉಳಿಯುವ ಕೆಲಸ

ಕೊಪ್ಪಳದಿಂದ ಗಿಣಿಗೇರಿ ಕಡೆ ಹೋಗಿ, ಕುಷ್ಟಗಿ ರಸ್ತೆ ಹಿಡಿಯಿರಿ, ಇಲ್ಲವೇ ಗದಗಿನ ಕಡೆ ತಿರುಗಿ. ಊರು ಮುಗಿದು ಹೊಲ ಶುರುವಾಗುವ ಜಾಗದಲ್ಲಿ ಕಾಣುವುದು ಒಂದೇ ನೋಟ. ಹಿಂದಿನ ವರ್ಷ ಸಜ್ಜೆಯೋ ಸೂರ್ಯಕಾಂತಿಯೋ ನಿಂತಿದ್ದ ನೆಲದಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು, ಕಲ್ಲಿನ ಮೇಲೆ ಕೆಂಪು ಬಣ್ಣದ ನಂಬರು, ಮೊರಂ ಚೆಲ್ಲಿದ ದಾರಿ, ಮುಂದೊಂದು ತಗಡಿನ ಕಮಾನು. ಕಮಾನಿನ ಮೇಲೆ ಯಾವುದೋ ದೇವರ ಹೆಸರಿನ ನಗರ, ಅದರ ಕೆಳಗೆ ‘ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆ’. ರಾಯಚೂರಿನ ಲಿಂಗಸುಗೂರು ರಸ್ತೆಯಲ್ಲೂ ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲೂ ಈ ಬೋರ್ಡಿಗೆ ಬರವಿಲ್ಲ.

‘ಎನ್.ಎ. ಆಗೈತ್ರಿ’ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಕೊಳ್ಳುವವರು ಆಮೇಲೆ ಕೇಳುವುದು ರೇಟು ಮಾತ್ರ. ಜೀವಮಾನದ ಉಳಿತಾಯ, ಹೆಂಡತಿಯ ಬಂಗಾರ, ಸೊಸೈಟಿ ಸಾಲ ಎಲ್ಲವನ್ನೂ ಜನ ಈ ಎರಡಕ್ಷರದ ಮೇಲೆ ಇಡುತ್ತಾರೆ. ಎರಡಕ್ಷರದ ತಾಕತ್ತು ಎಷ್ಟು ಅಂತ ಬಿಡಿಸಿ ನೋಡಬೇಕು. ಎನ್.ಎ. ಅಂದರೆ ‘ನಾನ್-ಅಗ್ರಿಕಲ್ಚರಲ್’, ಬೇಸಾಯೇತರ; 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಜಿಲ್ಲಾಧಿಕಾರಿ ಕೊಡುವ ಭೂಪರಿವರ್ತನೆ ಆದೇಶ. ಬೇಸಾಯದ ಈ ಜಮೀನನ್ನು ಇನ್ನು ವಸತಿಗೆ ಬಳಸಬಹುದು ಎಂಬುದಷ್ಟೇ ಅದರ ಅರ್ಥ. ರಸ್ತೆ ಎಷ್ಟು ಅಗಲ, ಚರಂಡಿ ನೀರು ಎತ್ತ ಹರಿಯಬೇಕು, ಮಕ್ಕಳು ಎಲ್ಲಿ ಆಡಬೇಕು ಎಂಬ ಬಗ್ಗೆ ಅದರಲ್ಲಿ ಒಂದು ಗೆರೆಯೂ ಇರುವುದಿಲ್ಲ. ಅದನ್ನು ಹೇಳುವುದು ಬಡಾವಣೆಯ ವಿನ್ಯಾಸ ನಕ್ಷೆಗೆ ಸಿಗುವ ಅನುಮೋದನೆ. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ, ನಗರಾಭಿವೃದ್ಧಿ ಪ್ರಾಧಿಕಾರ ಇರುವ ಕಡೆ 1987ರ ಪ್ರಾಧಿಕಾರಗಳ ಕಾಯ್ದೆಯ 32ನೇ ಕಲಂ ಅದಕ್ಕೆ ಆಧಾರ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಊರಿಗೆ ಪ್ರಾಧಿಕಾರಗಳಿವೆ. ಪರಿವರ್ತನೆ ಒಂದು ಮೆಟ್ಟಿಲು, ನಕ್ಷೆಯ ಅನುಮೋದನೆ ಎರಡನೆಯದು, ನೆಲದ ಮೇಲೆ ಕೆಲಸ ಮೂರನೆಯದು, ನಗರಸಭೆಗೆ ಇಲ್ಲವೇ ಪಾಲಿಕೆಗೆ ಹಸ್ತಾಂತರ ನಾಲ್ಕನೆಯದು. ನಮ್ಮ ಕಡೆ ಹೆಚ್ಚಿನ ಮಾರಾಟ ನಡೆಯುವುದು ಮೊದಲನೇ ಮೆಟ್ಟಿಲ ಮೇಲೆ ನಿಂತು.

ಎರಡನೇ ಪುಟದ ಷರತ್ತು

ಇಂಥ ಒಂದು ಲೇಔಟಿನ ಶೆಡ್ಡಿನಲ್ಲಿ ನಡೆದ ಮಾತುಕತೆ ಮರೆಯುವಂಥದ್ದಲ್ಲ. ಗಂಡ ಹೆಂಡತಿ ಬಂದಿದ್ದರು. ಪ್ಲಾಸ್ಟಿಕ್ ಕುರ್ಚಿ, ಟೇಬಲ್ಲಿನ ಮೇಲೆ ಬಣ್ಣದ ನಕಾಶೆ, ಪಕ್ಕದಲ್ಲಿ ಲ್ಯಾಮಿನೇಶನ್ ಮಾಡಿಸಿದ ಆದೇಶ. ಏಜೆಂಟರು ಆ ಆದೇಶವನ್ನೇ ಮುಂದೆ ಚಾಚಿದರು. “ಡಿ.ಸಿ. ಆರ್ಡರ್ ಐತ್ರಿ ಅಕ್ಕಾರ, ಸೀಲು ಸಹಿ ಎಲ್ಲಾ ನೋಡ್ರಿ.” ಗಂಡ ಸೀಲು ನೋಡಿ ತಲೆಯಾಡಿಸಿದರು. ಹೆಂಡತಿ ಹಾಳೆ ತಿರುವಿ ಷರತ್ತುಗಳ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದರು.

“ಅಣ್ಣಾರ, ಇದ್ರಾಗ ಬರ್ದಾರಲ್ರಿ, ಸಕ್ಷಮ ಪ್ರಾಧಿಕಾರದಿಂದ ವಿನ್ಯಾಸ ನಕ್ಷೆ ಅನುಮೋದನೆ ತಗೊಂಡ ಮ್ಯಾಲೆ ಪ್ಲಾಟ್ ಮಾಡ್ಬೇಕು ಅಂತ. ಆ ನಕಾಶಿ ಎಲ್ಲೈತ್ರಿ?”

“ಅದು ಪ್ರೊಸೆಸ್‌ನ್ಯಾಗ ಐತ್ರಿ. ತಿಂಗ್ಳದಾಗ ಬರ್ತೈತಿ. ಆಗ ರೇಟ್ ಏರ್ತೈತಿ ನೋಡ್ರಿ.”

“ಹಂಗಾದ್ರ ಬಂದ ಮ್ಯಾಲೇ ಬರ್ತೀವ್ರಿ. ಏರಿದ್ರ ಏರ್ಲಿ.”

ಪರಿವರ್ತನೆ ಆದೇಶದ ಷರತ್ತುಗಳಲ್ಲಿ ಈ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೋರಿಸುವ ಕಾಗದವೇ ‘ನಾನೊಬ್ಬನೇ ಸಾಲುವುದಿಲ್ಲ’ ಎಂದು ಹೇಳುತ್ತಿರುತ್ತದೆ, ಓದುವವರಿಲ್ಲ ಅಷ್ಟೇ. ಟೇಬಲ್ಲಿನ ಮೇಲಿದ್ದ ಬಣ್ಣದ ಹಾಳೆ ಪ್ರಾಧಿಕಾರದ್ದಲ್ಲ, ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಅನುಮೋದಿತ ನಕ್ಷೆಯ ಮೇಲೆ ಅನುಮೋದನೆಯ ಸಂಖ್ಯೆ, ದಿನಾಂಕ, ಅಧಿಕಾರಿಯ ಸಹಿ, ಸರ್ವೆ ನಂಬರು, ಜಾಗ ಹಂಚಿದ ಕೋಷ್ಟಕ ಇರುತ್ತವೆ. ‘ಪ್ರೊಸೆಸ್‌ನಲ್ಲಿದೆ’ ಎಂಬ ನಕ್ಷೆ ಸ್ಥಳ ಪರಿಶೀಲನೆ ಆದ ಮೇಲೆ ಬದಲಾಗುವುದು ಮಾಮೂಲು. ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ರಸ್ತೆ ಅಡ್ಡ ಹಾಯ್ದಿದ್ದರೆ ಎರಡು ಸಾಲು ಪ್ಲಾಟು ಹೋಗುತ್ತವೆ. ಹಳ್ಳ ಇದ್ದರೆ ಅದರ ಅಂಚು ಬಿಡಬೇಕು. ಇವತ್ತು 34ನೇ ನಂಬರಿನ ಕಲ್ಲು ನಿಂತ ಜಾಗ ನಾಳೆ ಪಾರ್ಕ್ ಆಗಬಹುದು. ಆ ಕಲ್ಲನ್ನು ನಂಬಿ ಮುಂಗಡ ಕೊಟ್ಟವರ ಗತಿ ಏನು?

ಇಲ್ಲಿ ಇನ್ನೊಂದು ಕಾಯ್ದೆಯೂ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಜಮೀನು 500 ಚದರ ಮೀಟರ್ ದಾಟಿದರೆ ಪ್ಲಾಟು ಮಾರುವ ಯೋಜನೆ ನೋಂದಣಿ ಆಗಲೇಬೇಕು. ಆಗುವ ತನಕ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಒಂದು ಎಕರೆ ಅಂದರೇ 4,047 ಚದರ ಮೀಟರ್. ಹಾಗಾಗಿ ನಮ್ಮ ರಸ್ತೆ ಬದಿಯ ಯಾವ ಲೇಔಟೂ ಈ ಲೆಕ್ಕದಿಂದ ಹೊರಗಿಲ್ಲ. ನೋಂದಣಿಯಾದ ಯೋಜನೆಯಲ್ಲಿ ಕೊಳ್ಳುವವರ ಹಣದಲ್ಲಿ ನೂರಕ್ಕೆ 70 ಪಾಲು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು, ಆ ಯೋಜನೆಗೇ ಖರ್ಚಾಗಬೇಕು. ನೋಂದಣಿಗೆ ಮುಂಚೆ ಕೈಬದಲಾದ ಮುಂಗಡಕ್ಕೆ ಈ ಕಾವಲಿಲ್ಲ.

ಊರಿನ ಅಂಚು ಪಂಚಾಯ್ತಿಗೆ ಸೇರಿದ್ದರೆ ‘ಪಂಚಾಯ್ತಿ ಖಾತಾ ಆಗೈತಿ’ ಎಂಬ ಮಾತೂ ಬರುತ್ತದೆ. ಆಗ ಕೇಳಬೇಕಾದ್ದು ಯಾವ ನಮೂನೆ ಎಂದು. 2013ರಿಂದ ಇ-ಸ್ವತ್ತು ತಂತ್ರಾಂಶದಲ್ಲಿ ಗ್ರಾಮಠಾಣಾ ಸ್ವತ್ತಿಗೆ ಮತ್ತು ಪರಿವರ್ತನೆ, ನಕ್ಷೆ ಎರಡೂ ಆದ ಪ್ಲಾಟಿಗೆ ನಮೂನೆ 9 ಮತ್ತು 11ಎ ಬರುತ್ತವೆ. 11ಬಿ ಬಂದಿದ್ದರೆ ಅನುಮೋದನೆಯ ಸರಪಳಿಯಲ್ಲಿ ಎಲ್ಲೋ ಕೊಂಡಿ ಬಿಟ್ಟಿದೆ ಎಂದು ತಿಳಿಯಬೇಕು. ಪಟ್ಟಣದಲ್ಲಿ ಎ-ಖಾತಾ, ಬಿ-ಖಾತಾ ನಡುವಿನ ಫರಕೂ ಇಂಥದ್ದೇ. ಬಿ-ಖಾತಾ ಇದೆಯೆಂದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ.

ನಾಲ್ಕು ಎಕರೆ, 160 ಗುಂಟೆ

ನಕ್ಷೆ ಓದುವುದು ಕಷ್ಟದ ವಿದ್ಯೆಯಲ್ಲ. ನಾಲ್ಕು ಎಕರೆ ಹೊಲ ತಗೊಳ್ಳೋಣ. ಎಕರೆಗೆ 40 ಗುಂಟೆ, ಒಟ್ಟು 160. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಸಾಮಾನ್ಯವಾಗಿ ಉದ್ಯಾನ ಮತ್ತು ತೆರೆದ ಜಾಗಕ್ಕೆ ನೂರಕ್ಕೆ 10, ನಾಗರಿಕ ಸೌಲಭ್ಯಕ್ಕೆ (ಸಿ.ಎ.) 5 ಹಿಡಿಯುತ್ತಾರೆ. ಅಲ್ಲಿಗೆ 16 ಗುಂಟೆ ಪಾರ್ಕು, 8 ಗುಂಟೆ ಸಿ.ಎ. ಜಾಗ. ರಸ್ತೆಗೆ 30 ಪಾಲು ಹೋದರೆ 48 ಗುಂಟೆ. ಪ್ಲಾಟಿಗೆ ಉಳಿದದ್ದು 88 ಗುಂಟೆ, 95,832 ಚದರ ಅಡಿ. 30×40 ಅಳತೆಯಲ್ಲಿ 79 ಪ್ಲಾಟು, ಮೇಲೆ ಒಂದು ಮೂಲೆ ತುಂಡು. ಯಾರಾದರೂ ನಾಲ್ಕು ಎಕರೆಯಲ್ಲಿ 95 ಪ್ಲಾಟು ತೋರಿಸಿದರೆ ಹೆಚ್ಚಿನ 16 ಎಲ್ಲಿಂದ ಬಂದವು ಎಂದು ಕೇಳಬೇಕು. ಪಾರ್ಕಿನಿಂದ ಬಂದಿರುತ್ತವೆ, ಇಲ್ಲವೇ 9 ಮೀಟರ್ ರಸ್ತೆ 6 ಮೀಟರಿಗೆ ಇಳಿದಿರುತ್ತದೆ. ಆರು ಮೀಟರಿನಲ್ಲಿ ಎರಡೂ ಕಡೆ ಚರಂಡಿ, ಕರೆಂಟ್ ಕಂಬ ಕೂತ ಮೇಲೆ ಅಗ್ನಿಶಾಮಕದ ಗಾಡಿ ತಿರುಗುವುದಿಲ್ಲ.

(ಬಳ್ಳಾರಿ ಸೀಮೆಯವರಿಗೆ ಒಂದು ಮಾತು. 1953ರವರೆಗೆ ಮದ್ರಾಸಿಗೆ ಸೇರಿದ್ದ ನೆಲವಾದ್ದರಿಂದ ಅಲ್ಲಿ ಸೆಂಟ್ ಲೆಕ್ಕ ಇನ್ನೂ ಜನರ ಬಾಯಲ್ಲಿದೆ. ಎಕರೆಗೆ 100 ಸೆಂಟ್, ಒಂದು ಗುಂಟೆಗೆ ಎರಡೂವರೆ ಸೆಂಟ್. ಎರಡೂವರೆ ಎಕರೆಯನ್ನು ಸೆಂಟಿನ ಲೆಕ್ಕದಲ್ಲಿ 2.50 ಎಂದು, ಗುಂಟೆ ಲೆಕ್ಕದಲ್ಲಿ 2-20 ಎಂದು ಬರೆಯುತ್ತಾರೆ. ನಿಜಾಮರ ಸೀಮೆಯ ಕೊಪ್ಪಳದವರು ಬಳ್ಳಾರಿಯಲ್ಲಿ ಜಮೀನು ನೋಡುವಾಗ ಚುಕ್ಕೆಯ ಆಚೆಗಿನ ಅಂಕಿ ಯಾವ ಲೆಕ್ಕದ್ದು ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.)

ಪಹಣಿಯಲ್ಲಿ ನಾಲ್ಕು ಎಕರೆ ಇದ್ದರೆ ನೆಲದ ಮೇಲೂ ನಾಲ್ಕು ಎಕರೆ ಇರುತ್ತದೆ ಎಂದೇನಿಲ್ಲ. ಬಡಾವಣೆಗಳಲ್ಲಿ ಹೆಚ್ಚು ಜಗಳ ತರುವುದು ಇದೇ. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಪರಿವರ್ತಿಸುವುದಾದರೆ 11ಇ ನಕ್ಷೆ ಬೇಕು. ಸರ್ವೇಯರ್ ಹಳೇ ತಿಪ್ಪಣಿ (ಮೂಲ ಅಳತೆಯ ದಾಖಲೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನೋಡಿಕೊಂಡು ನೆಲ ಅಳೆದು ಮಾಡಿಕೊಡುತ್ತಾರೆ. ತಿಪ್ಪಣಿಯಲ್ಲಿರುವುದು ಸರಪಳಿ, ಆಣೆಯ ಲೆಕ್ಕ. ಒಂದು ಸರಪಳಿ 33 ಅಡಿ, ಸರಪಳಿಗೆ 16 ಆಣೆ, ಅಂದರೆ ಒಂದು ಆಣೆ ಎರಡು ಅಡಿ ಚಿಲ್ಲರೆ. ನಮ್ಮ ನಾಲ್ಕು ಎಕರೆ 396 ಅಡಿಗೆ 440 ಅಡಿ ಎಂದುಕೊಳ್ಳಿ. ಎಷ್ಟೋ ವರ್ಷಗಳಿಂದ ಪಕ್ಕದ ಹೊಲದ ಬದು ಸರಿಯುತ್ತಾ ಬಂದು ಒಂದು ಮಗ್ಗುಲಲ್ಲಿ ಎರಡೂವರೆ ಆಣೆಗೆ ತುಸು ಕಮ್ಮಿ ಒಳಕ್ಕೆ ಬಂದಿದೆ. ಸುಮಾರು ಐದು ಅಡಿ. 440 ಅಡಿ ಉದ್ದಕ್ಕೆ ಐದು ಅಡಿ ಹೋದರೆ ಎರಡು ಗುಂಟೆ ಹೋಯಿತು. ಹೊಲವಾಗಿದ್ದಾಗ ಯಾರಿಗೂ ಗೊತ್ತಾಗದ ಕೊರತೆ ಇದು. ನಕ್ಷೆ ಮಾಡುವವರು ಪಹಣಿಯ ಅಂಕಿ ನಂಬಿ ಹಾಳೆಯ ಮೇಲೆ ಪೂರಾ ನಾಲ್ಕು ಎಕರೆ ಬರೆಯುತ್ತಾರೆ. ಕಲ್ಲು ನೆಡುವವರು ರಸ್ತೆ ಕಡೆಯಿಂದ ಟೇಪ್ ಹಿಡಿದು ಹೊರಡುತ್ತಾರೆ. ಮುಂದಿನ ಸಾಲುಗಳೆಲ್ಲ 30×40 ಸರಿಯಾಗಿ ಬರುತ್ತವೆ. ಕೊರತೆಯೆಲ್ಲಾ ಕೂಡಿ ಬೀಳುವುದು ಕಟ್ಟಕಡೆಯ ಸಾಲಿನ ಮೇಲೆ. ಕ್ರಯಪತ್ರದಲ್ಲಿ 30×40, ನೆಲದಲ್ಲಿ 30×35. ಆ ಸಾಲಿನವರು ಮನೆಗೆ ಪಾಯ ತೆಗೆಯುವ ದಿನ ಪಕ್ಕದ ಹೊಲದವರು ಬಂದು ನಿಲ್ಲುತ್ತಾರೆ. ಇದಕ್ಕೆ ಮದ್ದು ಕಲ್ಲು ನೆಡುವ ಮುಂಚೆಯೇ ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ, ಸಿಕ್ಕ ಅಳತೆಗೆ ತಕ್ಕಂತೆ ನಕ್ಷೆ ಬರೆಸುವುದು. ಕೊಳ್ಳುವವರ ಕೈಯಲ್ಲಿರುವ ಉಪಾಯವೂ ಸಣ್ಣದು: ನೋಂದಣಿಗೆ ಮುಂಚೆ ಐವತ್ತು ಅಡಿಯ ಟೇಪ್ ತೆಗೆದುಕೊಂಡು ಹೋಗಿ ನಾಲ್ಕೂ ಬದಿ, ಎರಡೂ ಕರ್ಣ ಅಳೆಯುವುದು. 30×40 ಚೌಕ ಸರಿಯಿದ್ದರೆ ಕರ್ಣ ಎರಡೂ 50 ಅಡಿ ಬರಬೇಕು.

ಪಹಣಿಯಲ್ಲಿ ನೋಡಬೇಕಾದ ಇನ್ನೊಂದು ಅಂಕಣ ಖರಾಬು. ಅ-ಖರಾಬು ಬೇಸಾಯಕ್ಕೆ ಬಾರದ ನೆಲ, ಕಲ್ಲು ಪಡಿ ಇತ್ಯಾದಿ. ಬ-ಖರಾಬು ಸಾರ್ವಜನಿಕರದ್ದು: ಹಳ್ಳ, ಬಂಡಿದಾರಿ, ಕಾಲುದಾರಿ. ಬ-ಖರಾಬನ್ನು ಮಾಲೀಕರು ಮಾರುವ ಹಾಗಿಲ್ಲ. ನಕ್ಷೆಯಲ್ಲಿ ಇದನ್ನೇ ಪಾರ್ಕಿನ ಲೆಕ್ಕಕ್ಕೆ ಸೇರಿಸಿ ತೋರಿಸುವುದುಂಟು. ಹಳ್ಳದ ಎರಡು ಗುಂಟೆಗೆ ಹಸಿರು ಬಣ್ಣ ಬಳಿದರೆ ಪಾರ್ಕು 16 ಗುಂಟೆ ತುಂಬಿದಂತೆ ಕಾಣುತ್ತದೆ. ಮಳೆಗಾಲದಲ್ಲಿ ಅಲ್ಲಿ ನೀರು ಹರಿಯುತ್ತದೆ, ಮಕ್ಕಳು ಆಡುವುದಿಲ್ಲ. ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರು, ಹಳ್ಳ, ದಾರಿ ಕಾಣುತ್ತವೆ. ಅಂಗೈಯಗಲದ ಫೋನಿನಲ್ಲಿ ಐದು ನಿಮಿಷದ ಕೆಲಸ. ಪಹಣಿಯಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಸುಳಿವಿದ್ದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅದರ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಇತ್ತೇ ಎಂದು ನೋಡಲೇಬೇಕು. ಅದು ಇಲ್ಲದೆ ಮುಂದಿನ ಯಾವ ಸೀಲೂ ನಿಲ್ಲದು.

ಎರೆ ನೆಲದ ಮೇಲೆ ಡಾಂಬರು

ಮಸಾರಿ, ಅಂದರೆ ಕೆಂಪು ನೆಲದಲ್ಲಿ ಲೇಔಟ್ ಮಾಡುವುದಕ್ಕೂ ಎರೆ, ಅಂದರೆ ಕಪ್ಪು ನೆಲದಲ್ಲಿ ಮಾಡುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರಿಗೆ ಎರೆಯ ಗುಣ ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆಗೆ ಉಬ್ಬಿ ಚಪ್ಪಲಿಗೆ ಮೆತ್ತುವ ಅಂಟು. ನೆನೆದ ಎರೆಮಣ್ಣಿನ ಹೊರೆ ಹೊರುವ ಶಕ್ತಿ, ಅಂದರೆ ಎಂಜಿನಿಯರುಗಳ ಸಿ.ಬಿ.ಆರ್., ಬಹಳ ಕಡೆ ನೂರಕ್ಕೆ 2-3ರ ಆಸುಪಾಸು. ಅಂಥ ನೆಲದ ಮೇಲೆ ಮೂರಿಂಚು ಮೊರಂ ಹಾಸಿ, ರೋಲರ್ ಓಡಿಸಿ, 20 ಮಿ.ಮೀ. ಡಾಂಬರು ಎಳೆದು ‘ರಸ್ತೆ ಆಗೈತಿ’ ಅನ್ನುತ್ತಾರೆ. ಹಾಕಿದ ದಿನ ಕನ್ನಡಿಯ ಹಾಗಿರುತ್ತದೆ. ಮೊದಲ ಬೇಸಿಗೆಗೆ ಅಂಚಿನಿಂದ ಎರಡಡಿ ಒಳಗೆ ಉದ್ದಕ್ಕೂ ಸೀಳು ಬೀಳುತ್ತದೆ. ರಸ್ತೆಯ ಅಂಚಿನ ಮಣ್ಣು ಮೊದಲು ಒಣಗಿ ಕುಗ್ಗುತ್ತದೆ, ನಡುವಿನದು ಹಸಿಯಾಗೇ ಇರುತ್ತದೆ, ಅದಕ್ಕೇ ಸೀಳು ಉದ್ದುದ್ದಕ್ಕೆ ಬರುವುದು. ಮುಂದಿನ ಮಳೆಯಲ್ಲಿ ಆ ಸೀಳಿನಿಂದ ನೀರಿಳಿದು ಗುಂಡಿ. ಸರಿಯಾದ ಕೆಲಸ ಅಂದರೆ ಮೇಲಿನ ಎರೆ ತೆಗೆದು ಕನಿಷ್ಠ ಅರ್ಧ ಮೀಟರ್ ಗಟ್ಟಿ ಗರಸು ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡುವುದು, ಅದರ ಮೇಲೆ ಜಲ್ಲಿ, ಆಮೇಲೆ ಡಾಂಬರು. ಖರ್ಚು ಹಲವು ಪಟ್ಟು. ಅನುಮೋದನೆಯ ಜೊತೆ ರಸ್ತೆಯ ಅಡ್ಡಕೊಯ್ತದ ಚಿತ್ರ ಇರುತ್ತದೆ. ಕೆಲಸ ನಡೆಯುವಾಗ ಒಂದು ಕಡೆ ಗುಂಡಿ ತೋಡಿಸಿ ಪದರ ಅಳೆದರೆ ಸತ್ಯ ಅಲ್ಲೇ ತಿಳಿಯುತ್ತದೆ. ಡಾಂಬರು ಬಿದ್ದ ಮೇಲೆ ಯಾರಿಗೂ ಕಾಣದು.

ಒಳಚರಂಡಿಯೂ ಹೀಗೇ ಮಣ್ಣೊಳಗೆ ಮುಚ್ಚಿಹೋಗುವ ಕೆಲಸ. 79 ಮನೆ, ಮನೆಗೆ ಐದು ಜನ ಎಂದರೆ 395 ಜನ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ 53,000 ಲೀಟರಿಗೂ ಹೆಚ್ಚು ನೀರು ಬೇಕು, ಅದರಲ್ಲಿ ನೂರಕ್ಕೆ 80 ಪಾಲು, ಸುಮಾರು 42,700 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಎಲ್ಲಿಗೆ? ನಗರಸಭೆಯ ಒಳಚರಂಡಿ ಇನ್ನೂ ಅಲ್ಲಿಗೆ ಬಂದಿಲ್ಲದಿದ್ದರೆ ಲೇಔಟಿನೊಳಗೇ ಶುದ್ಧೀಕರಣದ ವ್ಯವಸ್ಥೆ ಬೇಕು. ನಕ್ಷೆಯಲ್ಲಿ ಅದಕ್ಕೆ ಜಾಗ ಇದೆಯೋ ನೋಡಿ. 150 ಮಿ.ಮೀ. ಪೈಪಿಗೆ ಸುಮಾರು 170 ಮೀಟರಿಗೆ ಒಂದು ಮೀಟರ್ ಇಳಿಜಾರು ಬೇಕು, ಆಳುಗುಂಡಿ (ಮ್ಯಾನ್‌ಹೋಲ್) 30 ಮೀಟರಿಗೊಂದು. ಇಳಿಜಾರು ಕಮ್ಮಿಯಾದರೆ ಹೊಲಸು ತಳದಲ್ಲಿ ಕೂರುತ್ತದೆ. ಎರೆ ನೆಲದಲ್ಲಿ ಪೈಪಿನ ಕೆಳಗೆ ಉಸುಕಿನ ಹಾಸು ಹಾಕದಿದ್ದರೆ ಮಣ್ಣು ಉಬ್ಬಿ ತಗ್ಗಿ ಜೋಡಣೆ ಬಿಟ್ಟುಕೊಳ್ಳುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಇನ್ನೊಂದು ತೊಡಕು. ಭತ್ತದ ಗದ್ದೆ ಲೇಔಟ್ ಆದಾಗ ಅದರೊಳಗಿನ ಹೊಲಗಾಲುವೆ ಮುಚ್ಚಿಹೋಗುತ್ತದೆ. ಆ ಕಾಲುವೆ ಆ ಗದ್ದೆಗೆ ಮಾತ್ರ ಸೇರಿದ್ದಲ್ಲ, ಕೆಳಗಿನ ಹತ್ತು ರೈತರ ನೀರು ಅದೇ ದಾರಿಯಲ್ಲಿ ಹೋಗಬೇಕು. ಅದಕ್ಕೇ ನೀರಾವರಿ ನಿಗಮದ ಅಭಿಪ್ರಾಯ ಕೇಳುವುದು, ನಕ್ಷೆಯಲ್ಲಿ ಕಾಲುವೆ ಬಿಟ್ಟು ತೋರಿಸುವುದು. ಮೇಲ್ಗಡೆ ಗದ್ದೆಯಲ್ಲಿ ನಾಟಿ ನಿಂತಿರುವಾಗ ಬಸಿನೀರು ಈ ಕಡೆಯ ಪಾಯಕ್ಕೆ ಬರುತ್ತದೆ. ಬಸಿಗಾಲುವೆ ಮುಚ್ಚಿದ ಲೇಔಟಿನಲ್ಲಿ ಗೋಡೆಯ ಬುಡದಲ್ಲಿ ಸವಳು ಬಿಳಿ ಪುಡಿಯಾಗಿ ಏಳುವುದನ್ನು ಗಂಗಾವತಿ ಕಡೆಯವರು ನೋಡಿಯೇ ಇರುತ್ತಾರೆ. ನನ್ನ ಮಟ್ಟಿಗೆ ಇದು ರೈತರಿಗೂ ಮನೆ ಕಟ್ಟುವವರಿಗೂ ಏಕಕಾಲಕ್ಕೆ ಆಗುವ ಅನ್ಯಾಯ. ಪ್ರಾಧಿಕಾರದ ಸ್ಥಳ ಪರಿಶೀಲನೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲೇ ಆಗಬೇಕು, ಒಣ ಬೇಸಿಗೆಯಲ್ಲಿ ಅಲ್ಲ.

ಹಸ್ತಾಂತರ ಆಗದ ಬೀದಿದೀಪ

ನಕ್ಷೆಗೆ ಅನುಮೋದನೆ ಸಿಕ್ಕ ಮೇಲೆ ರಸ್ತೆ, ಪಾರ್ಕು, ಸಿ.ಎ. ಜಾಗಗಳನ್ನು ಮಾಲೀಕರು ನೋಂದಾಯಿತ ಪರಿತ್ಯಾಜನ ಪತ್ರದ ಮೂಲಕ ಬಿಟ್ಟುಕೊಡಬೇಕು, ಬೆಲೆ ಇಲ್ಲದೆ. ಪ್ಲಾಟುಗಳನ್ನು ಒಟ್ಟಿಗೇ ಮಾರಲು ಬಿಡುವುದಿಲ್ಲ. ಕೆಲಸ ಮುಗಿದಂತೆ ಕಂತು ಕಂತಾಗಿ ಬಿಡುಗಡೆ. ಹಿಡಿದಿಟ್ಟ ಆ ಪ್ಲಾಟುಗಳೇ ಪ್ರಾಧಿಕಾರದ ಕೈಯಲ್ಲಿರುವ ದೊಡ್ಡ ಹಿಡಿತ. ಕೆಲಸ ಅರ್ಧಂಬರ್ಧ ಇರುವಾಗ ಕೊನೆಯ ಕಂತು ಬಿಟ್ಟರೆ ಡೆವಲಪರ್ ಮತ್ತೆ ಆ ಕಡೆ ತಲೆ ಹಾಕುವ ಕಾರಣವೇ ಉಳಿಯುವುದಿಲ್ಲ. ಆಮೇಲೆ ಬೀದಿದೀಪ ಕೆಟ್ಟರೆ ಜೆಸ್ಕಾಂನವರು ಬಿಲ್ ಯಾರ ಹೆಸರಿಗೆ ಎನ್ನುತ್ತಾರೆ, ನಗರಸಭೆಯವರು ‘ನಮಗಿನ್ನೂ ಹಸ್ತಾಂತರ ಆಗಿಲ್ಲ’ ಎನ್ನುತ್ತಾರೆ. ತೆರಿಗೆ ಕಟ್ಟುವವರು ಕತ್ತಲಲ್ಲಿ ನಡೆಯುತ್ತಾರೆ.

ಇಂಥ ಲೇಔಟಿನಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರು ಕೈಕಟ್ಟಿ ಕೂರಬೇಕಿಲ್ಲ. ಉಪನೋಂದಣಿ ಕಚೇರಿಯಲ್ಲಿ ಆ ಸರ್ವೆ ನಂಬರಿನ ಋಣಭಾರ ಪತ್ರ ತೆಗೆಸಿದರೆ ಪರಿತ್ಯಾಜನ ಪತ್ರ ನೋಂದಣಿ ಆಗಿದೆಯೋ ಇಲ್ಲವೋ ತಿಳಿಯುತ್ತದೆ. ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಕೇಳಬೇಕಾದ್ದು ಇಷ್ಟು: ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಬಿಡುಗಡೆಯಾದ ಮತ್ತು ಹಿಡಿದಿಟ್ಟ ಪ್ಲಾಟುಗಳ ನಂಬರು, ಕಾಮಗಾರಿ ಪೂರ್ಣಗೊಂಡ ವರದಿ, ನಗರಸಭೆಗೆ ಹಸ್ತಾಂತರದ ಪತ್ರ. ಹಿಡಿದಿಟ್ಟ ಪ್ಲಾಟು ಇನ್ನೂ ಒಂದಾದರೂ ಉಳಿದಿದ್ದರೆ ತಕ್ಷಣ ಪ್ರಾಧಿಕಾರದ ಆಯುಕ್ತರಿಗೆ ಎಲ್ಲರ ಸಹಿ ಹಾಕಿ ಲಿಖಿತ ಆಕ್ಷೇಪ ಕೊಡಿ, ಕೆಲಸ ಮುಗಿಯುವವರೆಗೆ ಬಿಡಬಾರದೆಂದು.

ಹಸ್ತಾಂತರಕ್ಕೆ ಜಂಟಿ ತಪಾಸಣೆ ನಡೆಯುವ ದಿನ ಗೊತ್ತಾದರೆ ನಿವಾಸಿಗಳಲ್ಲಿ ನಾಲ್ಕು ಜನ ಅಲ್ಲಿರಬೇಕು. ಆಳುಗುಂಡಿಯ ಮುಚ್ಚಳ ಎತ್ತಿಸಿ, ಮೇಲಿನ ಗುಂಡಿಗೆ ಎರಡು ಕೊಡ ಬಣ್ಣದ ನೀರು ಸುರಿದು ಕೆಳಗಿನದರಲ್ಲಿ ಬರುತ್ತದೆಯೋ ನೋಡಿ. ನೀರಿನ ಟ್ಯಾಂಕ್ ತುಂಬಿಸಿ ಕಟ್ಟಕಡೆಯ ಸಾಲಿನ ನಲ್ಲಿ ತಿರುಗಿಸಿ. ಬೀದಿದೀಪ ಸಂಜೆ ಎಣಿಸಿ. ಪಾರ್ಕಿನ ನಾಲ್ಕೂ ಮೂಲೆಗೆ ಕಲ್ಲು ನೆಟ್ಟು ತಂತಿ ಬೇಲಿ ಹಾಕಿಸಿ, 16 ಗುಂಟೆ ಇದೆಯೋ ಅಳೆಯಿಸಿ. ಎಂಟು ಗುಂಟೆಯ ಸಿ.ಎ. ಜಾಗದಲ್ಲಿ ಅಷ್ಟೊತ್ತಿಗೆ ಯಾರದೋ ಇಟ್ಟಿಗೆ ಗೂಡು, ಕಬ್ಬಿಣದ ರಾಶಿ ಬಿದ್ದಿರುವುದು ಹೆಚ್ಚು. ಅದನ್ನು ಅಂದೇ ತೆಗೆಸಿ, ‘ಇದು ನಾಗರಿಕ ಸೌಲಭ್ಯಕ್ಕೆ ಮೀಸಲು’ ಎಂದು ಸರ್ವೆ ನಂಬರಿನ ಸಮೇತ ಬೋರ್ಡು ಹಾಕಿಸಿದ ಮೇಲೆಯೇ ತಪಾಸಣೆಯ ವರದಿಗೆ ಸಹಿ ಬೀಳಬೇಕು.